ಹುಳು ಮನೆಗೆ ಬಾರದ ವಿಷ

ರೇಷ್ಮೆ ಹುಳು ಸಾಕುವವರ ಶಿಸ್ತು ನೋಡಬೇಕೆಂದರೆ ರಾಮನಗರ, ಕನಕಪುರ, ಚನ್ನಪಟ್ಟಣದ ಕಡೆಯ ಯಾವುದಾದರೂ ಹುಳು ಮನೆಯ ಬಾಗಿಲಲ್ಲಿ ನಿಲ್ಲಬೇಕು. ಊಜಿ ನೊಣ ನುಗ್ಗದಂತೆ ಕಿಟಕಿ ಬಾಗಿಲಿಗೆಲ್ಲ ಬಲೆ. ಹೊಸ್ತಿಲ ಬಳಿ ಸುಣ್ಣ, ಬ್ಲೀಚಿಂಗ್ ಪುಡಿ. ಬೀಡಿ ಸೇದಿದ ಕೈಯಲ್ಲಿ ಸೊಪ್ಪು ಮುಟ್ಟುವಂತಿಲ್ಲ. ಹೊಗೆಸೊಪ್ಪು ಬೆಳೆದ ಹೊಲದ ಮಗ್ಗುಲಿನಿಂದ ಸೊಪ್ಪು ತರುವಂತಿಲ್ಲ. ಮಾವು ಹೂ ಬಿಡುವ ಕಾಲದಲ್ಲಿ ಪಕ್ಕದ ತೋಟದವನು ಜಿಗಿಹುಳುವಿಗೆ ಔಷಧಿ ಹೊಡೆಸುತ್ತಾನೆಂದು ಗೊತ್ತಾದರೆ, ಗಾಳಿ ಯಾವ ಕಡೆ ಬೀಸುತ್ತಿದೆ ನೋಡಿಕೊಂಡು, ಜಗಳವಾದರೂ ಸರಿ ಎಂದು ಹೋಗಿ ಕೇಳಿ ಬರುತ್ತಾರೆ. ಕೇಳದಿದ್ದರೆ ಗತಿಯಿಲ್ಲ. ನಾಲ್ಕನೇ ಜ್ವರದಿಂದ (ಅಂದರೆ ಪೊರೆ ಬಿಡುವ ನಿದ್ದೆಯಿಂದ) ಎದ್ದ ಹುಳು ವಿಷ ಸೋಕಿದ ಸೊಪ್ಪು ತಿಂದರೆ ಬಾಯಿಂದ ರಸ ಕಾರಿ, ಮೈ ಕುಗ್ಗಿ, ತಟ್ಟೆಯಲ್ಲೇ ಮುದುಡುತ್ತದೆ, ಗೂಡು ಕಟ್ಟುವ ಚಂದ್ರಂಕಿ ಹತ್ತುವುದಿಲ್ಲ. ತಿಂಗಳ ದುಡಿಮೆ, ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಸಿಗಬೇಕಾದ ದುಡ್ಡು, ಒಂದೇ ರಾತ್ರಿಯಲ್ಲಿ ಹೋಗುತ್ತದೆ.

ಇಷ್ಟೆಲ್ಲ ಎಚ್ಚರ ಇರುವ ಅದೇ ರೈತನ ವಾಸದ ಮನೆಗೆ ಬನ್ನಿ. ಮಲಗುವ ಜಾಗದ ನೇರ ಮೇಲೆ ಸಜ್ಜೆ. ಅದರ ಮೇಲೆ ಮಕ್ಕಳ ಹಳೇ ಪುಸ್ತಕ, ದೀಪಾವಳಿಗೆ ತಂದು ಉಳಿದ ಹಣತೆ, ಮೂಲೆಯಲ್ಲಿ ಅರ್ಧ ಖಾಲಿಯಾದ ಕೀಟನಾಶಕದ ಬಾಟಲಿ. ಮುಚ್ಚಳ ಸಡಿಲ, ಚೀಟಿ ಅಳಿಸಿಹೋಗಿದೆ. ಹೋದ ಬೆಳೆಗೆ ತಂದದ್ದು, ಬರುವ ಬೆಳೆಗೆ ಇರಲಿ ಎಂದು ಇಟ್ಟದ್ದು.

ವಿಷ ಸೇವಿಸಿ ಆಸ್ಪತ್ರೆ ಸೇರುವ ವಯಸ್ಕರ ಕಥೆ ಬಹುಪಾಲು ಈ ಸಜ್ಜೆಯಿಂದ ಶುರುವಾಗುತ್ತದೆ.

ಈ ಬಗ್ಗೆ ಬರೆಯುವಾಗ ಒಂದು ಎಚ್ಚರ ಬೇಕು. ಆತ್ಮಹತ್ಯೆಯ ಸುದ್ದಿ ಬರೆಯುವಾಗ ವಿಧಾನವನ್ನು ವಿವರಿಸಬೇಡಿ, ಒಂದೇ ಕಾರಣಕ್ಕೆ ಗಂಟು ಹಾಕಬೇಡಿ ಎಂದು ಭಾರತೀಯ ಪತ್ರಿಕಾ ಮಂಡಳಿ 2019ರಲ್ಲೇ ಹೇಳಿದೆ. ಆದ್ದರಿಂದ ಹೇಗೆ, ಎಷ್ಟು ಪ್ರಮಾಣ ಎಂಬ ಲೆಕ್ಕ ಇಲ್ಲಿ ಬರುವುದಿಲ್ಲ. ಯಾರು ಬರುತ್ತಾರೆ, ಯಾರು ಉಳಿಯುತ್ತಾರೆ, ಯಾಕೆ ಉಳಿಯುತ್ತಾರೆ ಎಂಬುದಷ್ಟೇ ನಮ್ಮ ವಿಷಯ.

ಸಾವನದುರ್ಗದ ಸುತ್ತಲಿನ ನಾಡು, ಅಂದರೆ 2007ರಲ್ಲಿ ರಾಮನಗರ ಎಂಬ ಹೆಸರಿನಲ್ಲಿ ಹುಟ್ಟಿ 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಹೆಸರು ಬದಲಿಸಿಕೊಂಡ ಜಿಲ್ಲೆ, ಈ ವಿಚಾರದಲ್ಲಿ ಹಳೇ ಮೈಸೂರಿನ ಬೇರೆ ಜಿಲ್ಲೆಗಳಿಗಿಂತ ಭಿನ್ನವಲ್ಲ. ಈ ಸೀಮೆಯ ಯಾವ ಆಸ್ಪತ್ರೆಯಲ್ಲಿ ಕೇಳಿದರೂ ಚಿತ್ರ ಹೆಚ್ಚುಕಡಿಮೆ ಒಂದೇ. ಬರುವವರಲ್ಲಿ ಹೆಚ್ಚಿನವರು ಇಪ್ಪತ್ತರಿಂದ ನಲವತ್ತರೊಳಗಿನವರು. ಹೆಂಗಸರಿಗಿಂತ ಗಂಡಸರು ಜಾಸ್ತಿ. ಹಳ್ಳಿಯವರು ಜಾಸ್ತಿ, ಬೇಸಾಯದ ಮನೆಯವರು ಜಾಸ್ತಿ. ವಿಷಗಳ ಪೈಕಿ ಮೊದಲ ಸ್ಥಾನ ಕೀಟನಾಶಕದ್ದು, ಅದರಲ್ಲೂ ಆರ್ಗನೋಫಾಸ್ಫೇಟ್ ಗುಂಪಿನದ್ದು. ಆಮೇಲೆ ಇಲಿ ಪಾಷಾಣ, ಮಾತ್ರೆಗಳು, ಶೌಚಾಲಯ ತೊಳೆಯುವ ಆಸಿಡ್. ಹಾವು ಕಡಿತದ್ದು ಬೇರೆಯದೇ ಸಾಲು. ಅದನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ ಎಂದು ಕರ್ನಾಟಕ 2024ರ ಫೆಬ್ರುವರಿಯಲ್ಲಿ ಘೋಷಿಸಿತು. ಕುಡಿದ ವಿಷಕ್ಕೆ ಅಂಥ ಒಂದು ಲೆಕ್ಕದ ಪುಸ್ತಕ ಇನ್ನೂ ಬರಬೇಕಾಗಿದೆ. ದೇಶದ ಮಟ್ಟದಲ್ಲಿ 2022ರಲ್ಲಿ 1,70,924 ಮಂದಿ ಆತ್ಮಹತ್ಯೆ ಮಾಡಿಕೊಂಡರೆಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಲೆಕ್ಕ ಕೊಟ್ಟಿದೆ. ಅದರಲ್ಲಿ ಸುಮಾರು ಕಾಲು ಭಾಗ ವಿಷ ಸೇವನೆಯದ್ದು.

ಈ ಸಾವುಗಳ ಹಿಂದೆ ದೀರ್ಘ ಯೋಚನೆ ಇರುತ್ತದೆ ಎಂದು ನಾವು ಅಂದುಕೊಂಡಿರುತ್ತೇವೆ. ಸಾಲ, ಬೆಳೆ ನಷ್ಟ, ಕುಡಿತ, ಹಲವು ವರ್ಷದ ಕೊರಗು ಎಲ್ಲ ಇರುವುದು ನಿಜ. ಆದರೆ ಕೈ ಬಾಟಲಿಗೆ ಹೋಗುವ ಆ ಗಳಿಗೆ ತೀರ ಚಿಕ್ಕದು. ಬದುಕುಳಿದವರನ್ನು ಕೇಳಿದ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಾಣುವ ಮಾತೆಂದರೆ, ನಿರ್ಧಾರಕ್ಕೂ ಕೃತ್ಯಕ್ಕೂ ನಡುವೆ ಹಲವರಿಗೆ ಅರ್ಧ ಗಂಟೆಯ ಅಂತರವೂ ಇರಲಿಲ್ಲ ಎಂಬುದು. ಹೆಂಡತಿಯ ಜೊತೆ ಜಗಳ, ಅಪ್ಪ ಮೊಬೈಲ್ ಕಿತ್ತುಕೊಂಡದ್ದು, ಪಂಚಾಯ್ತಿ ಕಟ್ಟೆಯಲ್ಲಿ ಆದ ಅವಮಾನ. ಸಿಟ್ಟು ಇಳಿಯುವವರೆಗೆ ಕೈಗೆ ಏನೂ ಸಿಗದಿದ್ದರೆ ಆ ಗಳಿಗೆ ದಾಟಿ ಹೋಗುತ್ತಿತ್ತು. ಹಾಗೆ ದಾಟಿದವರಲ್ಲಿ ಹೆಚ್ಚಿನವರು ಮತ್ತೆ ಅಂಥ ಸಾವಿಗೆ ಹೋಗುವುದಿಲ್ಲ. ‘ಸಾಯಬೇಕು ಅಂದವನು ಹೇಗಿದ್ದರೂ ಸಾಯುತ್ತಾನೆ’ ಎಂಬ ಊರ ಮಾತು ಸುಳ್ಳು. ಸುಳ್ಳಷ್ಟೇ ಅಲ್ಲ, ಅಪಾಯಕಾರಿ.

ಇನ್ನು ಆಸ್ಪತ್ರೆಯೊಳಗೆ ಏನಾಗುತ್ತದೆ ನೋಡೋಣ. ನಮ್ಮ ನರಗಳು ಸ್ನಾಯುವಿಗೆ, ಗ್ರಂಥಿಗೆ ಸಂದೇಶ ಕಳಿಸುವುದು ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕದ ಮೂಲಕ. ಸಂದೇಶ ತಲುಪಿದ ತಕ್ಷಣ ಅದನ್ನು ಅಳಿಸಿಹಾಕಲು ಒಂದು ಕಿಣ್ವವಿದೆ. ಆರ್ಗನೋಫಾಸ್ಫೇಟ್ ಆ ಕಿಣ್ವವನ್ನೇ ಕಟ್ಟಿಹಾಕುತ್ತದೆ. ಅಳಿಸುವವರಿಲ್ಲದೆ ಸಂದೇಶ ನಿಲ್ಲುವುದೇ ಇಲ್ಲ. ಕಣ್ಣೀರು, ಜೊಲ್ಲು, ಬೆವರು ಧಾರಾಕಾರ. ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುತ್ತದೆ. ತೊಡೆ, ತೋಳಿನ ಮಾಂಸಖಂಡ ಚರ್ಮದಡಿ ಪಟಪಟ ಅದುರುತ್ತದೆ. ಶ್ವಾಸಕೋಶದೊಳಗೂ ನೀರು ಒಸರುತ್ತದೆ. ಉಸಿರಿಗೆ ತೊಂದರೆ ಬರುವುದು ಅಲ್ಲಿಂದ.

ಇದಕ್ಕೆ ಮೊದಲ ಮದ್ದು ಅಟ್ರೊಪಿನ್. ಬೆಲೆ ತೀರ ಕಡಿಮೆ, ತಾಲ್ಲೂಕು ಆಸ್ಪತ್ರೆಯಲ್ಲೂ ಇರುವಂಥದ್ದು. ಎದೆಗೆ ಸ್ಟೆತಸ್ಕೋಪ್ ಇಟ್ಟು, ಒಳಗಿನ ಗೊರಗೊರ ಸದ್ದು ನಿಲ್ಲುವವರೆಗೆ ಕೆಲವೇ ನಿಮಿಷಕ್ಕೊಮ್ಮೆ ಪ್ರಮಾಣ ಹೆಚ್ಚಿಸುತ್ತ ಹೋಗಬೇಕು. ರೋಗಿಯ ಪಕ್ಕ ಕೂತೇ ಮಾಡಬೇಕಾದ ಕೆಲಸ ಇದು; ಒಂದು ಸೂಜಿ ಚುಚ್ಚಿ ಮುಂದಿನ ಹಾಸಿಗೆಗೆ ಹೋಗುವಂಥದ್ದಲ್ಲ. ಅಟ್ರೊಪಿನ್ ತಲೆಗೇರಿದಾಗ ರೋಗಿ ಬಡಬಡಿಸುತ್ತಾನೆ, ಹಾಸಿಗೆಯ ಬಟ್ಟೆ ಕೀಳುತ್ತಾನೆ, ಇಲ್ಲದವರನ್ನು ಕರೆಯುತ್ತಾನೆ. ಮನೆಯವರು ‘ಹುಚ್ಚು ಹಿಡಿಯಿತು’ ಎಂದು ಗಾಬರಿಯಾಗುತ್ತಾರೆ. ಅದು ಮದ್ದಿನ ಪರಿಣಾಮ, ಇಳಿಯುತ್ತದೆ. ಪ್ರಾಲಿಡಾಕ್ಸಿಮ್ ಎಂಬ ಇನ್ನೊಂದು ಮದ್ದಿದೆ. ಅದರಿಂದ ಎಷ್ಟು ಉಪಯೋಗ ಎಂಬ ಚರ್ಚೆ ವೈದ್ಯರಲ್ಲೇ ಇನ್ನೂ ಮುಗಿದಿಲ್ಲ. ಬಂಧುಗಳು ಅದಕ್ಕಾಗಿ ಊರೂರು ಅಲೆದು ಸಾಲ ಮಾಡುವ ಅಗತ್ಯವಿಲ್ಲ ಎಂದಷ್ಟೇ ಹೇಳಬಹುದು. ಉಳಿಸುವುದು ಮುಖ್ಯವಾಗಿ ಎರಡು: ಹೊತ್ತಿಗೆ ಸರಿಯಾಗಿ ಅಟ್ರೊಪಿನ್, ಬೇಕಾದಾಗ ವೆಂಟಿಲೇಟರ್.

ಎರಡನೇ ದಿನದ್ದೇ ಮೋಸ. ಬೆವರು ನಿಂತಿದೆ, ರೋಗಿ ಮಾತಾಡುತ್ತಿದ್ದಾನೆ, ಗಂಜಿ ಕೇಳುತ್ತಿದ್ದಾನೆ. ಮನೆಯವರು ‘ಇನ್ನೇನು ಸರಿಹೋದ, ಬಿಲ್ ಏರ್ತಾ ಇದೆ, ಬರ್ಕೊಟ್ಟು ಕರ್ಕೊಂಡು ಹೋಗ್ತೀವಿ’ ಎನ್ನುತ್ತಾರೆ. ಅನುಭವಿ ವೈದ್ಯರು ಆಗ ಒಂದು ಸಣ್ಣ ಪರೀಕ್ಷೆ ಮಾಡುತ್ತಾರೆ: ‘ದಿಂಬಿನಿಂದ ತಲೆ ಎತ್ತಪ್ಪ’. ಎತ್ತಲಾಗದಿದ್ದರೆ ಕತ್ತಿನ ಸ್ನಾಯು ಸೋತಿದೆ ಎಂದರ್ಥ. ಮುಂದಿನದು ಉಸಿರಾಟದ ಸ್ನಾಯುವಿನ ಸರದಿ. ವಿಷ ಸೇರಿದ ಒಂದರಿಂದ ನಾಲ್ಕು ದಿನದೊಳಗೆ ಹೀಗೆ ಎರಡನೇ ಸಲ ಸೋಲುವುದನ್ನು ಶ್ರೀಲಂಕಾದ ವೈದ್ಯರಾದ ಸೇನಾನಾಯಕೆ ಮತ್ತು ಕರಲಿಯದ್ದೆ 1987ರಲ್ಲಿ ಮೊದಲು ಸ್ಪಷ್ಟವಾಗಿ ಗುರುತಿಸಿದರು. ಆಸ್ಪತ್ರೆಯಲ್ಲೇ ಇದ್ದರೆ ವೆಂಟಿಲೇಟರ್ ಮೇಲೆ ಕೆಲವು ದಿನ ಇಟ್ಟು ದಾಟಿಸಬಹುದು. ಮನೆಯಲ್ಲಿದ್ದರೆ ರಾತ್ರಿ ನಿದ್ದೆಯಲ್ಲೇ ಮುಗಿಯುತ್ತದೆ. ಇನ್ನು ಕೆಲವು ಇಲಿ ಪಾಷಾಣ, ಕೆಲವು ಮಾತ್ರೆಗಳು ಮೊದಲ ದಿನ ಏನೂ ಮಾಡದೆ ಸುಮ್ಮನಿದ್ದು, ಮೂರನೇ ದಿನದ ಹೊತ್ತಿಗೆ ಯಕೃತ್ತನ್ನು ಹಿಡಿಯುತ್ತವೆ. ‘ಏನೂ ಆಗಿಲ್ಲವಲ್ಲ’ ಎಂದು ಮನೆಯಲ್ಲಿ ಕಾಯುವ ಆ ಎರಡು ದಿನವೇ ಚಿಕಿತ್ಸೆ ಫಲಿಸುವ ದಿನಗಳು.

ಆಸ್ಪತ್ರೆಗೆ ಬರುವ ಮುಂಚಿನ ಗಂಟೆಯ ಬಗ್ಗೆ ಇನ್ನೂ ಹೆಚ್ಚು ಹೇಳಬೇಕು. ಯಾಕೆಂದರೆ ಅರ್ಧ ಕೆಡುವುದು ಅಲ್ಲೇ. ಯಾರೋ ಓಡಿ ಬಂದು ಸೋಪಿನ ನೀರು ಕುಡಿಸುತ್ತಾರೆ. ಇನ್ನೊಬ್ಬರು ಉಪ್ಪು ನೀರು, ಹುಣಸೆ ರಸ, ಕೆಲವು ಕಡೆ ಸಗಣಿ ನೀರು ಕೂಡ. ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಸುತ್ತಾರೆ. ಎಲ್ಲರದೂ ಒಳ್ಳೆಯ ಮನಸ್ಸೇ. ಆದರೆ ಅರೆಪ್ರಜ್ಞೆಯಲ್ಲಿರುವವನ ವಾಂತಿ ಶ್ವಾಸನಾಳಕ್ಕೆ ಇಳಿಯುತ್ತದೆ. ಕೀಟನಾಶಕ ಕರಗಿಸಲು ಬಳಸುವ ಸೀಮೆಎಣ್ಣೆಯಂಥ ದ್ರಾವಕ ಶ್ವಾಸಕೋಶಕ್ಕೆ ಹೋದರೆ, ಮೂಲ ವಿಷಕ್ಕೆ ಮದ್ದು ಸಿಕ್ಕರೂ ನ್ಯುಮೋನಿಯಾ ಬಿಡುವುದಿಲ್ಲ. ಆಸಿಡ್ ಆಗಿದ್ದರೆ ಇಳಿಯುವಾಗ ಸುಟ್ಟ ಅನ್ನನಾಳವನ್ನು ಹತ್ತುವಾಗ ಮತ್ತೊಮ್ಮೆ ಸುಡುತ್ತದೆ. ಮಾಡಬೇಕಾದ್ದು ಬೇರೆ: ಬಾಯಿಗೆ ಏನನ್ನೂ ಹಾಕಬೇಡಿ. ಎಡ ಮಗ್ಗುಲಿಗೆ ಮಲಗಿಸಿ, ಬಾಯಲ್ಲಿರುವುದು ಹೊರಗೆ ಹರಿದುಹೋಗಲಿ. ವಿಷ ಚೆಲ್ಲಿದ ಬಟ್ಟೆ ಬಿಚ್ಚಿ ಮೈಯನ್ನು ಸೋಪು ನೀರಿನಲ್ಲಿ ತೊಳೆಯಿರಿ. ತೊಳೆಯುವವರು ಕೈಗೆ ಪ್ಲಾಸ್ಟಿಕ್ ಕವರನ್ನಾದರೂ ಕಟ್ಟಿಕೊಳ್ಳಿ. 108ಕ್ಕೆ ಕರೆ ಮಾಡಿ. ಮತ್ತೆ, ಆ ಬಾಟಲಿ ಎಲ್ಲಿ ಬಿದ್ದಿದ್ದರೂ ಹುಡುಕಿ ಜೊತೆಗೆ ತನ್ನಿ.

ಬಾಟಲಿ ತರುವುದಿಲ್ಲ ಎಂಬುದೇ ತುರ್ತು ಚಿಕಿತ್ಸಾ ವಿಭಾಗದ ನಿತ್ಯದ ಗೋಳು.

‘ಏನು ಕುಡಿದಿದ್ದಾನೆ ಯಜಮಾನ್ರೇ? ಬಾಟ್ಲಿ ತಂದಿದ್ದೀರಾ?’

‘ಇಲ್ಲ ಸಾ, ಹೊಟ್ಟೆನೋವು ಅಂತಿದ್ದ. ಟಾನಿಕ್ ಅನ್ಕೊಂಡು ಕುಡುದ್ಬುಟ್ಟವ್ನೆ.’

‘ಯಾವ ಟಾನಿಕ್?’

‘ಗೊತ್ತಿಲ್ಲ ಸಾ.’

ಗೊತ್ತಿರುತ್ತದೆ. ಹೇಳಿದರೆ ಪೊಲೀಸ್ ಕೇಸ್ ಆಗುತ್ತದೆ, ಮಗನ ಮೇಲೆ ಮೊಕದ್ದಮೆ ಬೀಳುತ್ತದೆ, ಮಗಳ ಮದುವೆಗೆ ತೊಡಕಾಗುತ್ತದೆ ಎಂಬ ಭಯ. ನಮ್ಮ ಪತ್ರಿಕೆಗಳ ಒಳಪುಟದಲ್ಲಿ ಕಾಣುವ ‘ಹೊಟ್ಟೆನೋವು ತಾಳಲಾರದೆ’ ಎಂಬ ಸಾಲು ಎಷ್ಟೋ ಸಲ ಈ ಭಯದ ಮಗುವೇ. ಸೊಸೆ ಮದುವೆಯಾಗಿ ಏಳು ವರ್ಷದೊಳಗೆ ಹೀಗಾದರೆ, ವರದಕ್ಷಿಣೆ ಕೇಸಿನ ಹೆದರಿಕೆಯೂ ಸೇರಿ, ಭಯ ಎರಡು ಪಟ್ಟು. ಮಾತಾಡಲು ಆಕೆಯನ್ನೇ ಬಿಡುವುದಿಲ್ಲ. ವೈದ್ಯರಿಗೆ ಬೇಕಾದ್ದು ಬಾಟಲಿಯ ಮೇಲಿನ ಹೆಸರು ಮತ್ತು ಎಷ್ಟು ಹೊತ್ತಾಯಿತು ಎಂಬ ಸತ್ಯ, ಅಷ್ಟೇ. ಹೆಸರು ಗೊತ್ತಾದರೆ ದೆಹಲಿಯ ಏಮ್ಸ್‌ನಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರಕ್ಕೆ, 1800 116 117ಕ್ಕೆ, ಕರೆ ಮಾಡಿ ಚಿಕಿತ್ಸೆಯ ಸಲಹೆ ಕೇಳಲೂಬಹುದು.

ಕಾನೂನಿನ ಭಯಕ್ಕೆ ಈಗ ಅರ್ಥವೂ ಉಳಿದಿಲ್ಲ. ಆಸ್ಪತ್ರೆಯವರು ಎಂಎಲ್‌ಸಿ (ವೈದ್ಯ-ಕಾನೂನು ಪ್ರಕರಣ) ಎಂದು ಬರೆದು ಠಾಣೆಗೆ ತಿಳಿಸುವುದು ಈಗಲೂ ಇದೆ, ಅದು ದಾಖಲೆ. ಶಿಕ್ಷೆಯ ಮಾತು ಬೇರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಂ ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಮಾನಸಿಕ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರನ್ನು ಶಿಕ್ಷಿಸಬಾರದು ಎಂದಿತು. ಆತ್ಮಹತ್ಯೆ ಯತ್ನಕ್ಕೆ ಶಿಕ್ಷೆ ಹೇಳುತ್ತಿದ್ದ ದಂಡ ಸಂಹಿತೆಯ ಹಳೇ 309ನೇ ಕಲಂ 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇಲ್ಲ. ಸರ್ಕಾರಿ ನೌಕರನ ಕೆಲಸಕ್ಕೆ ಅಡ್ಡಿ ಮಾಡಲು ಅಥವಾ ಅವನನ್ನು ಬಗ್ಗಿಸಲು ಆತ್ಮಹತ್ಯೆಗೆ ಯತ್ನಿಸಿದರೆ ಮಾತ್ರ ಈಗ ಅಪರಾಧ. ಇದನ್ನು ಆಸ್ಪತ್ರೆಯ ಬಾಗಿಲಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಹಾಕಿದರೆ ಎಷ್ಟೋ ಸುಳ್ಳುಗಳು ತಪ್ಪುತ್ತವೆ.

ದಾರಿಯ ಪ್ರಶ್ನೆಯೂ ಇದೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ರಾಮನಗರ, ಚನ್ನಪಟ್ಟಣವನ್ನು ಬಳಸಿಕೊಂಡು ಹೋಗುತ್ತದೆ. ಹೆದ್ದಾರಿ ಮುಟ್ಟಿದ ಮೇಲೆ ಬೆಂಗಳೂರು ದೂರವಲ್ಲ. ಆದರೆ ಸಾವನದುರ್ಗದ ಬುಡದ ನಾಯಕನಪಾಳ್ಯ, ಮಂಚನಬೆಲೆಯ ಆಚೀಚಿನ ಹಳ್ಳಿಗಳು ಹೆದ್ದಾರಿಯ ಮೇಲಿಲ್ಲ. ಅಲ್ಲಿಂದ ಮಾಗಡಿ, ಮಾಗಡಿಯಿಂದ ‘ಬೆಂಗಳೂರಿಗೆ ತಗೊಂಡ್ಹೋಗಿ’ ಎಂಬ ಚೀಟಿ, ಅಲ್ಲಿಂದ ವಿಕ್ಟೋರಿಯಾ ಆಸ್ಪತ್ರೆ. ಬಂಧುಗಳು ಎಷ್ಟೋ ಸಲ ತಾಲ್ಲೂಕು ಆಸ್ಪತ್ರೆಯನ್ನು ಬಿಟ್ಟು ಸೀದಾ ದೊಡ್ಡಾಸ್ಪತ್ರೆಗೇ ಕಾರು ತಿರುಗಿಸುತ್ತಾರೆ. ಇದು ತಪ್ಪು ಲೆಕ್ಕ. ಮೊದಲ ಅಟ್ರೊಪಿನ್ ಬೀಳಬೇಕಾದ್ದು ಹತ್ತಿರದ ಆಸ್ಪತ್ರೆಯಲ್ಲಿ. ಉಸಿರು ನೋಡಿಕೊಳ್ಳುವ ವ್ಯವಸ್ಥೆಯ ಆಂಬುಲೆನ್ಸ್‌ನಲ್ಲಿ ಮುಂದಿನ ಪಯಣ. ಮಾಗಡಿ ರಸ್ತೆಯ ಟ್ರಾಫಿಕ್ಕಿನಲ್ಲಿ ಖಾಸಗಿ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಹೋದವರು ವಿಕ್ಟೋರಿಯಾ ಗೇಟು ಮುಟ್ಟುವಷ್ಟರಲ್ಲಿ ಮಾಡುವುದು ಏನೂ ಉಳಿದಿರುವುದಿಲ್ಲ.

ಇದೆಲ್ಲ ಒಟ್ಟಿಗೆ ಎಷ್ಟು ನಿರ್ಣಾಯಕ ಎಂಬುದನ್ನು ಕನಕಪುರ ಸೀಮೆಯ ಪಕ್ಕದಲ್ಲೇ, ಕಾವೇರಿಯ ಆಚೆ, ಸುಳವಾಡಿ ತೋರಿಸಿತು. ಹನೂರು ತಾಲ್ಲೂಕಿನ ಕಿಚ್‌ಗುತ್ ಮಾರಮ್ಮನ ಗುಡಿಯಲ್ಲಿ 2018ರ ಡಿಸೆಂಬರ್ 14ರಂದು ಗೋಪುರದ ಶಂಕುಸ್ಥಾಪನೆಗೆ ಬಂದವರು ಪ್ರಸಾದ ತಿಂದರು. ಅದರಲ್ಲಿ ಮೋನೋಕ್ರೋಟೋಫಾಸ್ ಕೀಟನಾಶಕ ಬೆರೆತಿತ್ತು. ಅಸ್ವಸ್ಥರಾದವರು ನೂರಕ್ಕೂ ಹೆಚ್ಚು. ಕಾಮಗೆರೆ, ಕೊಳ್ಳೇಗಾಲ, ಕೊನೆಗೆ ಮೈಸೂರಿನ ಕೆ.ಆರ್. ಆಸ್ಪತ್ರೆ ಮತ್ತು ಹಲವು ಖಾಸಗಿ ಆಸ್ಪತ್ರೆಗಳಿಗೆ ಅವರನ್ನು ಹಂಚಿಕೊಂಡು ಸಾಗಿಸಬೇಕಾಯಿತು. ಸಾವಿನ ಸಂಖ್ಯೆ ಮೊದಲ ದಿನಕ್ಕೇ ನಿಲ್ಲಲಿಲ್ಲ; ಮುಂದಿನ ದಿನಗಳಲ್ಲೂ ಏರುತ್ತ ಹೋಗಿ 17ಕ್ಕೆ ಮುಟ್ಟಿತು. ಆ ಘಟನೆಯ ಅಪರಾಧದ ಮುಖವನ್ನು ನಾವು ನೆನಪಿಟ್ಟುಕೊಂಡಿದ್ದೇವೆ. ವೈದ್ಯಕೀಯದ ಮುಖವನ್ನು ಮರೆತಿದ್ದೇವೆ: ಒಂದೇ ಪಾತ್ರೆಯ ಅನ್ನ ತಿಂದ ನೂರಕ್ಕೂ ಹೆಚ್ಚು ಮಂದಿಯಲ್ಲಿ ಹೆಚ್ಚಿನವರು ಬದುಕಿದರು. ಹಲವರಿಗೆ ವೆಂಟಿಲೇಟರ್ ಬೇಕಾಯಿತು, ಅದು ಸಿಕ್ಕಿತು, ದಿನಗಟ್ಟಲೆ ಸಿಕ್ಕಿತು. ಒಂಟಿಯಾಗಿ ರಾತ್ರಿ ಹತ್ತಕ್ಕೆ ಬರುವ ರೈತನಿಗೆ ಅಂಥ ಸರ್ಕಾರಿ ಧಾವಂತ ಸಿಗುವುದಿಲ್ಲ.

ಬೇಕೆಂದೇ ಕುಡಿಯದವರೂ ವಾರ್ಡಿಗೆ ಬರುತ್ತಾರೆ. ಬೆನ್ನಿಗೆ ಪಂಪು ಕಟ್ಟಿಕೊಂಡು ಬರಿಗೈಯಲ್ಲಿ, ಲುಂಗಿಯಲ್ಲಿ ಔಷಧಿ ಹೊಡೆಯುವ ಕೂಲಿಯವನು ನಾಜಲ್ ಕಟ್ಟಿಕೊಂಡರೆ ಬಿಚ್ಚಿ ಬಾಯಿಂದ ಊದುವುದನ್ನು ನೀವೂ ನೋಡಿರುತ್ತೀರಿ. ಸಂಜೆಗೆ ತಲೆಸುತ್ತು, ಬೆವರು, ವಾಂತಿ. ‘ಬಿಸಿಲು ಬಡಿದಿದೆ’ ಎಂದು ಎಳನೀರು ಕುಡಿಸಿ ಮಲಗಿಸುತ್ತಾರೆ. ಮಹಾರಾಷ್ಟ್ರದ ಯವತ್ಮಾಳದಲ್ಲಿ 2017ರಲ್ಲಿ ಹತ್ತಿ ಹೊಲಕ್ಕೆ ಔಷಧಿ ಹೊಡೆದೇ ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು. ಇನ್ನೊಂದು ರೂಢಿ, ಅಂಗಡಿಯ ದೊಡ್ಡ ಡಬ್ಬಿಯಿಂದ ನೆರೆಯವನಿಗೆ ಸ್ವಲ್ಪ ಕೊಡಲು ಖಾಲಿ ಕ್ವಾರ್ಟರ್ ಬಾಟಲಿಗೋ ತಂಪು ಪಾನೀಯದ ಬಾಟಲಿಗೋ ಬಗ್ಗಿಸುವುದು. ರಾತ್ರಿ ಕುಡಿದು ಬಂದವನು ಕತ್ತಲಲ್ಲಿ ತಡಕಾಡಿ ಅದನ್ನೇ ಎತ್ತುತ್ತಾನೆ. ಮೂಲ ಡಬ್ಬಿಯ ಮೇಲೆ ಸರ್ಕಾರ ಕಷ್ಟಪಟ್ಟು ಹಾಕಿಸಿದ ಬಣ್ಣದ ಗುರುತು, ಅಂದರೆ ಕೆಂಪು ಅತಿ ವಿಷ, ಆಮೇಲೆ ಹಳದಿ, ನೀಲಿ, ಹಸಿರು, ಅಲ್ಲಿಗೆ ವ್ಯರ್ಥ.

ಕಳ್ಳಭಟ್ಟಿಯ ವಿಷಯ ಪ್ರತ್ಯೇಕ ಅಂಕಣಕ್ಕಾಗುವಷ್ಟಿದೆ. 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ 308 ಮಂದಿ ಸತ್ತದ್ದು, ಸಾರಾಯಿ ನಿಷೇಧವಾಗಿ ವರ್ಷ ತುಂಬುವ ಮುನ್ನವೇ 2008ರ ಮೇನಲ್ಲಿ ಬೆಂಗಳೂರಿನ ಸುತ್ತಮುತ್ತ ಮತ್ತು ಗಡಿಯಾಚೆಯ ಕೃಷ್ಣಗಿರಿಯಲ್ಲಿ ಸುಮಾರು 180 ಮಂದಿ ಸತ್ತದ್ದು, ಎರಡೂ ಮೆಥನಾಲ್‌ನಿಂದ. ಮೊದಲ ದಿನ ಬರೀ ಅಮಲು, ಮರುದಿನ ಕಣ್ಣು ಮಂಜು. ಕಣ್ಣು ಮಂಜಾಯಿತು ಎಂದವನನ್ನು ಕಣ್ಣಿನ ಡಾಕ್ಟರ ಬಳಿಗಲ್ಲ, ತುರ್ತು ವಿಭಾಗಕ್ಕೆ ಒಯ್ಯಬೇಕು.

ಮತ್ತೆ ಸಜ್ಜೆಯ ಬಾಟಲಿಗೆ ಬರೋಣ. ಅದನ್ನೇನು ಮಾಡುವುದು?

ಸುಲಭವಾಗಿ ಹೊಳೆಯುವ ಉತ್ತರ: ಬೀಗ ಹಾಕಿ. ಶ್ರೀಲಂಕಾದ ಅನುರಾಧಪುರದ ಕಡೆ 180 ಹಳ್ಳಿಗಳಲ್ಲಿ ಇದನ್ನು ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿದರು. ಅರ್ಧ ಹಳ್ಳಿಗಳ ಮನೆಮನೆಗೆ ಬೀಗದ ಪೆಟ್ಟಿಗೆ ಕೊಟ್ಟರು. 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಫಲಿತಾಂಶ ಬಂತು: ವಿಷ ಸೇವನೆ ಕಡಿಮೆಯಾಗಲಿಲ್ಲ. ಆಶ್ಚರ್ಯವೇನಿಲ್ಲ. ಪೆಟ್ಟಿಗೆ ಮನೆಯಲ್ಲೇ, ಬೀಗದ ಕೈ ಮೊಳೆಯಲ್ಲೇ, ಸಿಟ್ಟು ಬರುವವನೂ ಅದೇ ಮನೆಯ ಯಜಮಾನ. ಅದೇ ಶ್ರೀಲಂಕಾದಲ್ಲಿ ಫಲ ಕೊಟ್ಟದ್ದು ಇನ್ನೊಂದು. ತೀರ ವಿಷಕಾರಿ ಕೀಟನಾಶಕಗಳನ್ನು 1980ರ ದಶಕದಿಂದ ಒಂದೊಂದಾಗಿ ಮಾರುಕಟ್ಟೆಯಿಂದಲೇ ತೆಗೆದರು. 1995ರಲ್ಲಿ ಲಕ್ಷಕ್ಕೆ 57 ಇದ್ದ ಆತ್ಮಹತ್ಯೆಯ ಪ್ರಮಾಣ 2015ರ ಹೊತ್ತಿಗೆ 17ಕ್ಕೆ ಇಳಿಯಿತು. ಜನರ ಜಗಳ, ಸಾಲ, ಸಿಟ್ಟು ಇಳಿದಿದ್ದವೆಂದಲ್ಲ. ಕುಡಿದವರು ಬದುಕಲು ತೊಡಗಿದರು. ಬೆಳೆಯ ಇಳುವರಿಯೂ ಇದರಿಂದ ಬೀಳಲಿಲ್ಲ. (2021ರಲ್ಲಿ ಅಲ್ಲಿ ರಸಗೊಬ್ಬರ ನಿಲ್ಲಿಸಿ ಆದ ಅನಾಹುತ ಬೇರೆ ಕಥೆ; ಎರಡನ್ನೂ ಬೆರೆಸಿ ವಾದ ಮಾಡುವವರಿದ್ದಾರೆ.)

ನಮ್ಮಲ್ಲಿ ಈ ದಾರಿ ಬಹಳ ನಿಧಾನ. 1958ರಲ್ಲಿ ಕೇರಳದಲ್ಲಿ ಪ್ಯಾರಾಥಿಯಾನ್ ಸೋಕಿದ ಗೋಧಿ ಹಿಟ್ಟು ತಿಂದು ನೂರಕ್ಕೂ ಹೆಚ್ಚು ಮಂದಿ ಸತ್ತ ಮೇಲೆ ಕೀಟನಾಶಕ ಕಾಯ್ದೆ ಬರಲು 1968ರವರೆಗೆ ಕಾಯಬೇಕಾಯಿತು. 2018ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ 18 ಕೀಟನಾಶಕಗಳನ್ನು ನಿಷೇಧಿಸಿತು. ಅದರಲ್ಲಿ 6ಕ್ಕೆ 2020ರ ಡಿಸೆಂಬರ್ 31ರವರೆಗೆ ಕಾಲಾವಕಾಶ. ರೇಷ್ಮೆ ರೈತರಿಗೆ ಬಹುಕಾಲ ಪರಿಚಿತವಾಗಿದ್ದ ಡೈಕ್ಲೋರ್‌ವಾಸ್ ಆ ಆರರಲ್ಲಿ ಒಂದು. ಅದು ಹೋದದ್ದರಿಂದ ರಾಮನಗರದ ಗೂಡಿನ ಮಾರುಕಟ್ಟೆ ಬಾಗಿಲು ಹಾಕಲಿಲ್ಲ. 2020ರ ಮೇನಲ್ಲಿ ಇನ್ನೂ 27ರ ನಿಷೇಧಕ್ಕೆ ಕರಡು ಬಂತು. ಕಂಪನಿಗಳ ಆಕ್ಷೇಪ, ಸಮಿತಿ, ಮತ್ತೊಂದು ಸಮಿತಿ ಎಂದು ಅದು ಸವೆದು ಸಣ್ಣದಾಯಿತು. ಮೋನೋಕ್ರೋಟೋಫಾಸ್ ಬಿಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಭಾರತಕ್ಕೆ 2009ರಲ್ಲೇ ಹೇಳಿತ್ತು. 2013ರಲ್ಲಿ ಬಿಹಾರದ ಶಾಲೆಯೊಂದರಲ್ಲಿ ಬಿಸಿಯೂಟದ ಮೂಲಕ ಅದು 23 ಮಕ್ಕಳನ್ನು ಕೊಂದಿತು, 2018ರಲ್ಲಿ ಸುಳವಾಡಿ ಆಯಿತು. ಅದರ ಹೆಚ್ಚು ಬಳಕೆಯ ದ್ರಾವಣದ ಮೇಲೆ ನಿಷೇಧದ ಆದೇಶ ಹೊರಟದ್ದು 2023ರಲ್ಲಿ. ಸುಳವಾಡಿಯ 17 ಮಂದಿ ಈ ನಡುವಿನ ವಿಳಂಬದ ಲೆಕ್ಕಕ್ಕೂ ಸೇರುತ್ತಾರೆ ಎಂಬುದು ನನ್ನ ಅಭಿಪ್ರಾಯ.

ದೆಹಲಿಯ ಆದೇಶ ಬರುವವರೆಗೆ ಊರು ಸುಮ್ಮನೆ ಕೂರಬೇಕಿಲ್ಲ. ತಮಿಳುನಾಡಿನ ಕಡಲೂರು ಜಿಲ್ಲೆಯ ಕಾಟ್ಟುಮನ್ನಾರ್‌ಕೋಯಿಲ್ ಬಳಿಯ ಹಳ್ಳಿಗಳಲ್ಲಿ ಚೆನ್ನೈನ ಸ್ನೇಹಾ ಸಂಸ್ಥೆಯ ಡಾ. ಲಕ್ಷ್ಮಿ ವಿಜಯಕುಮಾರ್ ಮತ್ತು ಸಂಗಡಿಗರು ಒಂದು ಪ್ರಯೋಗ ಮಾಡಿದರು. 2013ರಲ್ಲಿ ಅದರ ವರದಿ ಬಂತು. ಬ್ಯಾಂಕಿನ ಲಾಕರ್‌ನಂತೆ ಊರಿಗೊಂದು ಸಾಮಾನ್ಯ ಕಟ್ಟಡದಲ್ಲಿ ರೈತನಿಗೊಂದು ಖಾನೆ. ಔಷಧಿ ಅಲ್ಲೇ ಇರುತ್ತದೆ. ಹೊಡೆಯುವ ದಿನ ಬಂದು ಬೇಕಾದಷ್ಟು ತೆಗೆದುಕೊಂಡು, ಉಳಿದದ್ದನ್ನು ಹಿಂದಿರುಗಿಸಿ ಹೋಗುವುದು. ಪ್ರಯೋಗ ಸಣ್ಣದು, ಆದರೆ ಫಲಿತಾಂಶ ಆಶಾದಾಯಕ. ರೈತರೂ ಒಪ್ಪಿ ಬಳಸಿದರು. ಮನೆಯ ಪೆಟ್ಟಿಗೆಗೂ ಇದಕ್ಕೂ ಇರುವ ವ್ಯತ್ಯಾಸ ದೂರದ್ದು. ರಾತ್ರಿ ಹನ್ನೊಂದಕ್ಕೆ ಜಗಳವಾದರೆ ಬೀಗದ ಕೈ ಇನ್ನೊಬ್ಬನ ಬಳಿ, ಕಟ್ಟಡ ಊರಾಚೆ. ಬೆಳಗಾಗುವುದರೊಳಗೆ ಆ ಗಳಿಗೆ ಕಳೆದಿರುತ್ತದೆ.

ಇಲ್ಲಿ ಇದನ್ನು ಎಲ್ಲಿ ಮಾಡಬಹುದು? ಡೈರಿ ಎಲ್ಲರೂ ದಿನಕ್ಕೆರಡು ಸಲ ಹೋಗುವ ಜಾಗ, ನಿಜ. ಆದರೆ ಹಾಲಿರುವ ಸೂರಿನಡಿ ವಿಷ ಬೇಡವೇ ಬೇಡ. ವ್ಯವಸಾಯ ಸೇವಾ ಸಹಕಾರ ಸಂಘಗಳಿಗೆ ಗೊಬ್ಬರದ ಗೋದಾಮು ಇದೆ, ಕಾರ್ಯದರ್ಶಿ ಇದ್ದಾನೆ, ಲೆಡ್ಜರ್ ಬರೆಯುವ ಅಭ್ಯಾಸ ಇದೆ. ನಾಲ್ಕಾರು ಊರಿಗೆ ಒಂದು ಸಂಘ ಎಂಬುದು ತೊಡಕೇ. ಬೆಳಗಿನ ಆರಕ್ಕೆ ಔಷಧಿ ಬೇಕಾದ ರೈತ ಮೂರು ಕಿಲೋಮೀಟರ್ ಹೋಗಿ ಬರಲು ಗೊಣಗುತ್ತಾನೆ. ಹಿಂದಿನ ಸಂಜೆಯೇ ತಂದು ತೋಟದ ಪಂಪ್‌ಸೆಟ್ ಮನೆಯಲ್ಲಿ ಇಟ್ಟುಕೊಳ್ಳಲಿ. ವಾಸದ ಮನೆಯಿಂದ ದೂರ ಎಂಬುದಷ್ಟೇ ಮುಖ್ಯ. ಸಂಘ ಮಾಡದಿದ್ದರೂ ಮನೆಯವರು ಇವತ್ತೇ ಮಾಡಬಹುದಾದ್ದು ಒಂದಿದೆ: ಆ ಬೆಳೆಗೆ ಬೇಕಾದಷ್ಟನ್ನೇ ಕೊಳ್ಳುವುದು, ಉಳಿದರೆ ಮನೆಯೊಳಗೆ ತರದಿರುವುದು. ಲೀಟರಿನ ಡಬ್ಬಿ ಅಗ್ಗ ಎಂದು ಅಂಗಡಿಯವನು ಹೇಳುತ್ತಾನೆ. ವೆಂಟಿಲೇಟರಿನ ಒಂದು ದಿನದ ಬಿಲ್ ಅವನಿಗೆ ಗೊತ್ತಿಲ್ಲ.

ಉಳಿದು ಮನೆಗೆ ಬಂದವರ ಬಗ್ಗೆಯೂ ಒಂದು ಮಾತು. ಆಸ್ಪತ್ರೆಯ ಡಿಸ್‌ಚಾರ್ಜ್ ಚೀಟಿಯಲ್ಲಿ ಮಾತ್ರೆಗಳ ಪಟ್ಟಿ ಇರುತ್ತದೆ. ಯಾಕೆ ಹೀಗಾಯಿತು ಎಂದು ಕೇಳಿದವರ ಹೆಸರು ಇರುವುದಿಲ್ಲ. ಊರಿಗೆ ಬಂದ ಮೇಲೆ ಯಾರೂ ಆ ವಿಷಯ ಎತ್ತುವುದಿಲ್ಲ, ಎತ್ತಿದರೆ ಗದರಲಿಕ್ಕೆ. ಅವರನ್ನು ಮನೋವೈದ್ಯರ ಬಳಿ ಒಮ್ಮೆಯಾದರೂ ಕರೆದುಕೊಂಡು ಹೋಗಿ; ಜಿಲ್ಲಾ ಆಸ್ಪತ್ರೆಯಲ್ಲಿ ಈ ಸೇವೆ ಇದೆ. 2022ರ ಅಕ್ಟೋಬರ್‌ನಿಂದ ನಡೆಯುತ್ತಿರುವ ಟೆಲಿ ಮಾನಸ್ ಸಹಾಯವಾಣಿ, 14416, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತದೆ, ದುಡ್ಡಿಲ್ಲ. ಇದನ್ನು ಓದುತ್ತಿರುವ ನಿಮ್ಮಲ್ಲೇ ಯಾರಿಗಾದರೂ ಮನಸ್ಸು ಆ ಕಡೆ ವಾಲುತ್ತಿದ್ದರೆ, ದಯವಿಟ್ಟು ಈಗಲೇ ಆ ನಂಬರಿಗೆ ಕರೆ ಮಾಡಿ, ಅಥವಾ ಪಕ್ಕದಲ್ಲಿರುವ ಒಬ್ಬರಿಗೆ ಹೇಳಿ.

ಸಹಕಾರ ಸಂಘಗಳ ವಾರ್ಷಿಕ ಸರ್ವ ಸದಸ್ಯರ ಸಭೆ ಸೆಪ್ಟೆಂಬರ್ 25ರೊಳಗೆ ನಡೆಯಬೇಕು ಎಂಬುದು ನಿಯಮ. ಮಾಗಡಿ, ಕನಕಪುರ, ಚನ್ನಪಟ್ಟಣ, ರಾಮನಗರ ತಾಲ್ಲೂಕುಗಳ ಸದಸ್ಯರೇ, ಈ ಸಲ ಡಿವಿಡೆಂಡಿನ ಜಗಳ ಮುಗಿದ ಮೇಲೆ ‘ಇತರೆ ವಿಷಯ’ದಡಿ ಗೋದಾಮಿನ ಒಂದು ಮೂಲೆಯಲ್ಲಿ ಔಷಧಿ ಲಾಕರ್ ಇಡುವ ಮಾತನ್ನು ಯಾರಾದರೂ ಒಬ್ಬರು ಎದ್ದು ನಿಂತು ಎತ್ತಿ.